ಗಂಧಕದ ವಾಸನೆ ಮತ್ತು ನನ್ನ ಪ್ರಾಣಾಯಾಮ

ಶಿಕಾಗೋದಿಂದ ಪಶ್ಚಿಮಕ್ಕೆ ಹೊರಟ ಲೋಕಲ್ ರೈಲು ಒಂದು ಗಂಟೆಯೊಳಗೆ ವೀಟನ್ ಎಂಬ ಊರಿಗೆ ತಲುಪಿಸುತ್ತದೆ. ದೇವರಿಗೆ ಹೆದರಿ ನಡೆಯುವ ಊರು. 1985ರವರೆಗೆ ಇಲ್ಲಿ ಹೆಂಡ ಮಾರುವಂತೆಯೇ ಇರಲಿಲ್ಲ. ಧರ್ಮಬೋಧಕ ಬಿಲ್ಲಿ ಗ್ರಹಾಂ ಓದಿದ ಕಾಲೇಜು ಇಲ್ಲಿಯದು. ಆ ಕಾಲೇಜಿನವರು ಲೇಖಕ ಸಿ. ಎಸ್. ಲೂಯಿಸರ ಅಜ್ಜ ಮಾಡಿದ ಮರದ ಬೀರುವನ್ನೂ ಇನ್ನೊಬ್ಬ ಲೇಖಕ ಟೋಲ್ಕಿನರ ಬರೆಯುವ ಮೇಜನ್ನೂ ತಂದು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಬೈಬಲ್ ಮತ್ತು ಧಾರ್ಮಿಕ ಪುಸ್ತಕ ಅಚ್ಚುಹಾಕಿಸುವ ದೊಡ್ಡ ದೊಡ್ಡ ಪ್ರಕಾಶನಗಳು ಈ ಊರಲ್ಲೂ ಪಕ್ಕದ ಊರಲ್ಲೂ ಇವೆ. ನನ್ನ ಅಳಿಯ ಅಲ್ಲಿ ಮನೆ ಕೊಂಡದ್ದು ಇದಾವುದನ್ನೂ ನೋಡಿ ಅಲ್ಲ, ಸ್ಕೂಲಿನ ರೇಟಿಂಗ್ ನೋಡಿ.

ಮಗಳ ಬಾಣಂತನಕ್ಕೆಂದು ಹೆಂಡತಿ ಹೊರಟಾಗ ಜೊತೆಗೆ ಹೋದ ಸಾಮಾನು ನಾನು. ಬ್ಯಾಂಕಿನಿಂದ ನಿವೃತ್ತನಾದವನಿಗೆ ಅಮೆರಿಕದಲ್ಲಿ ಮಾಡುವುದೇನಿದೆ? ಬೆಳಿಗ್ಗೆ ಹಿತ್ತಲಿನ ಡೆಕ್ಕಿನ ಮೇಲೆ ಚಾಪೆ ಹಾಸಿ ಕಪಾಲಭಾತಿ, ಭಸ್ತ್ರಿಕಾ ಮಾಡುತ್ತಿದ್ದೆ. ಹೊಟ್ಟೆಯನ್ನು ತಿದಿಯಂತೆ ಒತ್ತಿ ಬುಸ್ ಬುಸ್ ಎಂದು ಉಸಿರು ಬಿಡುವ ಒಬ್ಬ ಕಪ್ಪು ಮುದುಕನನ್ನು ಬೇಲಿಯ ಆಚೆಯಿಂದ ಒಬ್ಬ ಬಿಳಿ ಮುದುಕಿ ಟೊಮೇಟೊ ಗಿಡಕ್ಕೆ ನೀರು ಹಾಕುತ್ತ ನೋಡುತ್ತಿದ್ದರು. ನಿವೃತ್ತ ನರ್ಸು, ಒಂಟಿ ಜೀವ. ಮೊದಲ ವಾರ ಬಾಳೆಹಣ್ಣಿನ ಬ್ರೆಡ್ ಬಂತು. ಇತ್ತಿಂದ ಚಿತ್ರಾನ್ನ ಹೋಯಿತು. ನಾನು ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಓದುತ್ತೇನೆಂದು ಗೊತ್ತಾದ ಮೇಲೆ ಒಂದು ಸಂಜೆ ಬೇಲಿಯ ಮೇಲಿಂದ ಒಂದು ದಪ್ಪ ಪುಸ್ತಕ ದಾಟಿ ಬಂತು. 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್', ಬರೆದವರು ಫ್ರಾಂಕ್ ಪೆರೆಟ್ಟಿ, 1986. "ಸಸ್ಪೆನ್ಸ್ ಇದೆ, ನಿಮಗೆ ಹಿಡಿಸುತ್ತದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ... ಓದಿ ನೋಡಿ" ಎಂದರು. ಆ 'ಮತ್ತೆ'ಯ ಅರ್ಥ ಓದುತ್ತಾ ಹೋದಂತೆ ತಿಳಿಯಿತು.

ಕತೆ ನಡೆಯುವುದು ಆಷ್ಟನ್ ಎಂಬ ಕಲ್ಪಿತ ಪುಟ್ಟ ಊರಿನಲ್ಲಿ. ಒಂದು ಕಾಲೇಜು, ಒಂದು ಸಣ್ಣ ಪತ್ರಿಕೆ, ಒಬ್ಬ ಹಟಮಾರಿ ಸಂಪಾದಕ, ಬಡ ಚರ್ಚೊಂದರ ಯುವ ಪಾದ್ರಿ ಹ್ಯಾಂಕ್ ಬುಶ್. ಊರನ್ನು ಸದ್ದಿಲ್ಲದೆ ಕೊಂಡುಕೊಳ್ಳಲು ಒಂದು ಗುಪ್ತ ಸಂಘ ಹೊಂಚು ಹಾಕಿದೆ. ಇದಿಷ್ಟು ಮನುಷ್ಯರ ಲೆಕ್ಕ. ಇದರ ಮೇಲೊಂದು ಮಾಳಿಗೆಯಿದೆ. ಅಲ್ಲಿ ಕಣ್ಣಿಗೆ ಕಾಣದ ದೇವದೂತರೂ ದೆವ್ವಗಳೂ ಕತ್ತಿ ಹಿರಿದು ನಿಂತಿದ್ದಾರೆ. ದೆವ್ವಗಳಿಗೆ ಚರ್ಮದ ರೆಕ್ಕೆ, ಹಳದಿ ಕಣ್ಣು, ಉಸಿರಿನಲ್ಲಿ ಗಂಧಕದ ವಾಸನೆ. ಒಂದೊಂದು ದುರ್ಗುಣದ್ದೇ ಹೆಸರಿಟ್ಟುಕೊಂಡು ಮನುಷ್ಯರ ಹೆಗಲ ಮೇಲೆ ಕೂತು ಉಗುರೂರುತ್ತವೆ.

ಅವು ಊರೊಳಗೆ ಬರುವುದು ಯಾವ ಬಾಗಿಲಿಂದ? ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಒಬ್ಬ ಪ್ರೊಫೆಸರಮ್ಮ ಹುಡುಗ ಹುಡುಗಿಯರಿಗೆ ಕಣ್ಣು ಮುಚ್ಚಿ ಕೂರುವುದು, ಉಸಿರು ಸಡಿಲಿಸುವುದು, ವಿಶ್ವಪ್ರಜ್ಞೆಯಲ್ಲಿ ಒಂದಾಗುವುದು ಇತ್ಯಾದಿ ಹೇಳಿಕೊಡುತ್ತಾಳೆ. ಹಾಗೆ ಖಾಲಿಯಾದ ಮನಸ್ಸಿನೊಳಗೆ ದೆವ್ವಗಳು ಬಾಡಿಗೆ ಕೊಡದೆ ಬಂದು ಸೇರಿಕೊಳ್ಳುತ್ತವೆ. ನಾನು ಪುಸ್ತಕ ಕೆಳಗಿಟ್ಟು ಬೇಲಿಯ ಕಡೆ ನೋಡಿದೆ. ಬೆಳಗಾದರೆ ನನ್ನ ಭಸ್ತ್ರಿಕಾ ನೋಡಿ ಆ ಮಹಾತಾಯಿ ಪಟ್ಟ ಸಂಕಟ ಎಂಥದಿರಬೇಕು!

ಈ ಭಯ ಆಕಾಶದಿಂದ ಉದುರಿದ್ದಲ್ಲ. ಪೆರೆಟ್ಟಿ ವಾಷಿಂಗ್ಟನ್ ರಾಜ್ಯದ ವ್ಯಾಶನ್ ದ್ವೀಪದಲ್ಲಿ ತಂದೆಯ ಸಣ್ಣ ಪೆಂಟೆಕಾಸ್ಟಲ್ ಚರ್ಚಿನಲ್ಲಿ ಸಹಾಯಕ ಪಾದ್ರಿಯಾಗಿದ್ದವರು. ಅದನ್ನು ಬಿಟ್ಟು ಹಿಮದ ಮೇಲೆ ಜಾರುವ ಸ್ಕೀ ತಯಾರಿಸುವ ಕಾರ್ಖಾನೆಯಲ್ಲಿ ದುಡಿದವರು. ಪಕ್ಕದ ಒರೆಗಾನ್ ರಾಜ್ಯಕ್ಕೆ 1981ರಲ್ಲಿ ನಮ್ಮ ದೇಶದಿಂದಲೇ ಹೋದ ರಜನೀಶರು ಆಶ್ರಮ ಕಟ್ಟಿದ್ದರು. ಶಿಷ್ಯರು ಆ್ಯಂಟಿಲೋಪ್ ಎಂಬ ಚಿಕ್ಕ ಊರಿನ ಆಡಳಿತವನ್ನೇ ಚುನಾವಣೆಯಲ್ಲಿ ಗೆದ್ದು, ಊರಿನ ಹೆಸರನ್ನೂ ಬದಲಿಸಿದ್ದರು. 1985ರಲ್ಲಿ ಅದೆಲ್ಲ ಕುಸಿದುಬಿತ್ತು. ಮರುವರ್ಷ ಈ ಕಾದಂಬರಿ. ಪೂರ್ವದೇಶದ ಧ್ಯಾನದವರು ಬಂದು ಊರು ನುಂಗುತ್ತಾರೆ ಎಂದರೆ ಅಂದಿನ ಓದುಗರಿಗೆ ಅದು ದೆವ್ವದ ಕತೆಯಾಗಿ ಕೇಳಿಸಿರಲಾರದು, ಬೆಳಗಿನ ಪೇಪರಿನ ಹಾಗೆ ಕೇಳಿಸಿರಬೇಕು. ಹಾಗೆಂದು ಪುಸ್ತಕವೇನೂ ಬಂದ ದಿನವೇ ಖರ್ಚಾಗಲಿಲ್ಲ. ಹಲವು ಪ್ರಕಾಶಕರು ಬೇಡವೆಂದ ಮೇಲೆ ಕ್ರಾಸ್‌ವೇ ಎಂಬ ಸಂಸ್ಥೆ ಅಚ್ಚು ಹಾಕಿತು. ಮೊದಮೊದಲು ಕೇಳುವವರಿರಲಿಲ್ಲ. ಗಾಯಕಿ ಏಮಿ ಗ್ರಾಂಟ್ ತನ್ನ ಕಛೇರಿಗಳಲ್ಲಿ ಇದನ್ನು ಹೊಗಳತೊಡಗಿದ ಮೇಲೆ ಕೈಯಿಂದ ಕೈಗೆ ಹೋಗಿ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿತು. 1989ರಲ್ಲಿ ಎರಡನೆಯ ಭಾಗ 'ಪಿಯರ್ಸಿಂಗ್ ದಿ ಡಾರ್ಕ್‌ನೆಸ್' ಬಂತು.

ನನಗೆ ಕೊಟ್ಟ ಪ್ರತಿಯ ಬೆನ್ನು ಎರಡು ಕಡೆ ಸೀಳಿ, ಟೇಪು ಅಂಟಿಸಿದಲ್ಲೆಲ್ಲ ಕಂದಾಗಿತ್ತು. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಪಾದ್ರಿ ಹ್ಯಾಂಕನನ್ನು ಕಿತ್ತುಹಾಕಬೇಕೋ ಬೇಡವೋ ಎಂದು ಸಭೆಯವರು ಮತ ಹಾಕುವ ಪುಟದ ಪಕ್ಕ, "ನಮ್ಮ ಚರ್ಚಿನಲ್ಲೂ ಹೀಗೇ, 1991" ಎಂದಿತ್ತು. ಕೆಳಗೆ ಬೇರೆ ಶಾಯಿಯಲ್ಲಿ: "ನಾವು ಸೋತೆವು." ದೇವದೂತರ ವರ್ಣನೆಗೆ ಒಂದು ಗೆರೆಯೂ ಇಲ್ಲ. ಪ್ರಾರ್ಥನೆಯ ಪ್ರಸಂಗಗಳಿಗೆಲ್ಲ ಎರಡೆರಡು ಗೆರೆ.

ಏಕೆಂದರೆ ಈ ಕಾದಂಬರಿಯ ಯಂತ್ರ ತಿರುಗುವುದೇ ಪ್ರಾರ್ಥನೆಯಿಂದ. ದೇವದೂತರು ಎಷ್ಟೇ ಬಲಶಾಲಿಗಳಾದರೂ ಕೆಳಗೆ ಮನುಷ್ಯರು ಪ್ರಾರ್ಥಿಸದೆ ಕತ್ತಿ ಬೀಸುವಂತಿಲ್ಲ. ಸೇನಾಪತಿ ತಾಲ್ ಪುಟಗಟ್ಟಲೆ ಕಾಯುತ್ತಾನೆ: ಇನ್ನೂ ಸಾಲದು, ಇನ್ನಷ್ಟು ಜನ ಮೊಣಕಾಲೂರಲಿ. ಅತ್ತ ಬಾಬಿಲೋನಿನ ಒಡೆಯ ರಾಫಾರ್ ಬಂದಿಳಿದಿದ್ದಾನೆ. ಕೊನೆಯ ಕಾಳಗದಲ್ಲಿ ತಾಲನ ತೋಳಿನ ಬಲ ಏರುವುದೂ ಇಳಿಯುವುದೂ ಊರಿನ ಕೆಲವೇ ಸಾಧಾರಣ ಜನರ, ಅದರಲ್ಲೂ ಒಬ್ಬ ಮುದುಕಿಯ, ಬಾಯಿಮಾತಿನ ಮೇಲೆ ನಿಂತಿದೆ. ನಮ್ಮ ಪಕ್ಕದ ಮನೆಯವರು ಅಲ್ಲಿ ಪೆನ್ಸಿಲು ಒತ್ತಿ ಒತ್ತಿ ಹಾಳೆ ತೂತಾಗಿತ್ತು.

ನನ್ನಂಥವನ ಕಣ್ಣು ನಿಂತದ್ದು ಬೇರೆ ಕಡೆ. ರಾಫಾರ್ ಬರುವ ಮುಂಚೆ ಆಷ್ಟನ್ ಊರಿನ ಉಸ್ತುವಾರಿ ಲೂಸಿಯಸ್ ಎಂಬ ದೆವ್ವದ್ದು. ಊರು ಹದಕ್ಕೆ ತಂದವನು ಅವನು. ಈಗ ಹೆಡ್ ಆಫೀಸಿನಿಂದ ದೊಡ್ಡವನು ಬಂದು ಕುರ್ಚಿ ಕಸಿದುಕೊಂಡ, ಎಲ್ಲರೆದುರಿಗೆ ಹೀನಾಯ ಮಾಡಿದ. ಲೂಸಿಯಸ್ ಒಳಗೊಳಗೇ ಕುದಿಯುತ್ತಾನೆ. ಸೀನಿಯಾರಿಟಿ ಕಳೆದುಕೊಂಡ ಒಬ್ಬ ಮ್ಯಾನೇಜರನ ಹೊಟ್ಟೆಕಿಚ್ಚು ನರಕದ ಸೇನೆಯನ್ನು ಎಷ್ಟು ದುರ್ಬಲ ಮಾಡಬಲ್ಲದು ಎಂಬುದು ಯಾವ ಧರ್ಮಗ್ರಂಥವನ್ನೂ ಓದದ ಬ್ಯಾಂಕಿನವನಿಗೂ ಅರ್ಥವಾಗುತ್ತದೆ. ಅವನ ಪಾಡಿಗೆ ನಾನು ಮರುಗಿದೆ. ಅದನ್ನು ಪಕ್ಕದ ಮನೆಯಲ್ಲಿ ಹೇಳಲಿಲ್ಲ.

ಕರಾವಳಿಯ ಕಡೆ ಹುಟ್ಟಿದವರಿಗೆ ಹೀಗೆ ಖಳನ ಕಡೆ ಮನಸ್ಸು ವಾಲುವುದು ಹೊಸದಲ್ಲ. 'ದೇವೀ ಮಹಾತ್ಮೆ' ಬಯಲಾಟದಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಕತ್ತಲಲ್ಲಿ ದೊಂದಿ ಹಿಡಿದವರ ನಡುವೆ, ರಾಳ ಎರಚಿದಾಗ ಭುಗಿಲೇಳುವ ಬೆಂಕಿಯಲ್ಲಿ, ಪ್ರೇಕ್ಷಕರ ಹಿಂದಿನಿಂದ ಕೂಗುತ್ತಾ ಬರುತ್ತಾನೆ. ಮಲಗಿದ್ದ ಮಕ್ಕಳು ಎದ್ದು ತಾಯಿಯ ಸೆರಗಿನೊಳಗೆ ಹೊಗುತ್ತವೆ. ಗೆಲ್ಲುವುದು ದೇವಿಯೇ, ಎಲ್ಲರಿಗೂ ಗೊತ್ತು. ಆದರೂ ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ಮನೆಗೆ ಹೋಗುವಾಗ ಜನ ಮಾತಾಡುವುದು ಬಣ್ಣದ ವೇಷದ ಬಗ್ಗೆ. ಪೆರೆಟ್ಟಿಯ ದೇವದೂತರು ಸಭ್ಯರು, ಸುಂದರರು, ಕಾಯುವವರು. ದೆವ್ವಗಳೋ ಜಗಳ ಕಾಯುತ್ತವೆ, ಬೈಯುತ್ತವೆ, ಕೊರಗುತ್ತವೆ. ಬದುಕಿರುವಂತೆ ಕಾಣುವವು ಅವೇ. ಎಷ್ಟೋ ಓದುಗರ ದೂರೂ ಇದೇ, ಹೊಗಳಿಕೆಯೂ ಇದೇ.

ಓದುಗರ ಮಾತು ಬಂತಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಆಕೆಯ ಮಗ ಬಂದ. ಐವತ್ತರ ಹತ್ತಿರದ ಇಂಜಿನಿಯರು, ಚರ್ಚು ಬಿಟ್ಟು ಬಹಳ ಕಾಲವಾಗಿತ್ತು. ನಮ್ಮನ್ನೂ ಊಟಕ್ಕೆ ಕರೆದಿದ್ದರು. ನಮಗೆಂದೇ ಬೇಯಿಸಿದ ಸಿಹಿಗೆಣಸು ಬೇರೆ ಇತ್ತು. ಪುಸ್ತಕದ ಹೆಸರೆತ್ತಿದ್ದೇ ತಡ, ಆತ ಹಣೆ ಚಚ್ಚಿಕೊಂಡ. ಹುಡುಗನಾಗಿದ್ದಾಗ ಇದನ್ನು ಓದಿ ತಿಂಗಳುಗಟ್ಟಲೆ ದೀಪ ಆರಿಸದೆ ಮಲಗಿದ್ದನಂತೆ. ನೆಗಡಿಯಾದರೂ ದೆವ್ವ, ಲೆಕ್ಕದಲ್ಲಿ ಕಡಿಮೆ ಅಂಕ ಬಂದರೂ ದೆವ್ವ. ಪಕ್ಕದ ಹುಡುಗ ಕೇಳುವ ರಾಕ್ ಸಂಗೀತವಂತೂ ದೆವ್ವಗಳ ರೈಲು ನಿಲ್ದಾಣ. "ಮಕ್ಕಳ ಕೈಗೆ ಕೊಡುವ ಪುಸ್ತಕವೇ ಅಲ್ಲ" ಎಂದ. ಹಾಗೆಂದವನು ಕೈಯಲ್ಲಿ ಚೂರಿ ಫೋರ್ಕು ಹಿಡಿದು, ಎದ್ದು ನಿಂತು, ಕೊನೆಯ ಕಾಳಗವನ್ನು ದೇವದೂತರ ಹೆಸರು ಸಮೇತ ಹೇಳಿ ಮುಗಿಸುವಷ್ಟರಲ್ಲಿ ಟರ್ಕಿ ಆರಿತ್ತು. ಆಮೇಲೆ ಸುಮ್ಮನೆ ಕೂತ. "ಆಗ ರಸ್ತೆಯಲ್ಲಿ ನಡೆದರೆ ಪ್ರತಿಯೊಂದು ಮನೆಯ ಮೇಲೂ ಯಾರೋ ಕಾವಲಿದ್ದಾರೆ ಅನಿಸುತ್ತಿತ್ತು. ಈಗ ಮನೆ ಸಾಲದ ಬಡ್ಡಿ ಮಾತ್ರ ಕಾಣುತ್ತದೆ." ತಾಯಿ ಮಾತಾಡದೆ ಅವನ ತಟ್ಟೆಗೆ ಕುಂಬಳದ ಪೈ ಹಾಕಿದರು.

ಅದೇ ಮೇಜಿನಲ್ಲಿ ಆತನ ಹೆಂಡತಿಯೂ ಇದ್ದಳು, ವಕೀಲೆ. ಅವಳ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮೊದಲ ಪುಸ್ತಕದಲ್ಲಿ ಪಾದ್ರಿಯ ಮೇಲೆ ಅತ್ಯಾಚಾರದ ಸುಳ್ಳು ದೂರು. ಎರಡನೆಯದರಲ್ಲಿ ಕ್ರೈಸ್ತ ಶಾಲೆಯೊಂದರ ಮೇಲೆ ಮಗುವನ್ನು ಹಿಂಸಿಸಿದ ಸುಳ್ಳು ದೂರು. ಎರಡರ ಹಿಂದೆಯೂ ದೆವ್ವಗಳ ಸಂಚು. "ಅಂದರೆ ಒಬ್ಬ ಹೆಣ್ಣು ನಿಜವಾಗಿ ಬಂದು ದೂರಿದರೆ, ಈ ಪುಸ್ತಕ ಓದಿ ಬೆಳೆದ ಸಭೆ ಅವಳ ಹೆಗಲ ಮೇಲೆ ಏನು ಕೂತಿದೆ ಎಂದು ನೋಡುತ್ತದೆ, ಅವಳ ಮುಖ ನೋಡುವುದಿಲ್ಲ" ಎಂದಳು. ಇದು ಕತೆಯ ತಾಂತ್ರಿಕ ದೋಷವಲ್ಲ, ಕತೆಯ ಬೇರಿನಲ್ಲೇ ಇರುವ ದೋಷ. ನನ್ನ ಭಸ್ತ್ರಿಕಾದ ಅವಮಾನವನ್ನು ನಕ್ಕು ಮರೆಯಬಹುದು, ಇದನ್ನು ಆಗದು.

ಕ್ರೈಸ್ತ ಪಂಡಿತರ ತಕರಾರು ಇನ್ನೊಂದು ಬಗೆಯದು. ದಾನಿಯೇಲನ ಗ್ರಂಥದ 10ನೇ ಅಧ್ಯಾಯದಲ್ಲಿ ದೇವದೂತನೊಬ್ಬನನ್ನು ಪರ್ಷಿಯದ ಅಧಿಪತಿ 21 ದಿನ ತಡೆದು ನಿಲ್ಲಿಸಿದ ಮಾತಿದೆ. ಅಷ್ಟು ಎಳೆ ಹಿಡಿದು ಒಂದೊಂದು ಊರಿಗೂ ಒಂದೊಂದು ದುರಾತ್ಮ, ಅದಕ್ಕೊಂದು ಹೆಸರು, ಗಡಿ ಎಂದು ನಕ್ಷೆ ಬರೆಯುವ ಚಟ 1990ರ ದಶಕದಲ್ಲಿ ಹಬ್ಬಿತು. ಸಿ. ಪೀಟರ್ ವ್ಯಾಗ್ನರ್ ಎಂಬ ಸೆಮಿನರಿ ಪ್ರಾಧ್ಯಾಪಕರು ಅದರ ದೊಡ್ಡ ಪ್ರತಿಪಾದಕರು. ಕಾದಂಬರಿಯನ್ನು ಕೈಪಿಡಿ ಮಾಡಿಕೊಳ್ಳಬೇಡಿ ಎಂದು ಬುದ್ಧಿವಂತ ಪಾದ್ರಿಗಳು ಗೋಗರೆದರು. ಸಿ. ಎಸ್. ಲೂಯಿಸ್ 1942ರಲ್ಲೇ, ಹಿರಿಯ ದೆವ್ವವೊಂದು ಸೋದರಳಿಯನಿಗೆ ಬರೆಯುವ ಕಾಗದಗಳ ರೂಪದ 'ದಿ ಸ್ಕ್ರೂಟೇಪ್ ಲೆಟರ್ಸ್' ಪುಸ್ತಕದ ಮುನ್ನುಡಿಯಲ್ಲಿ, ದೆವ್ವಗಳೇ ಇಲ್ಲ ಎನ್ನುವುದೂ ಅವುಗಳ ಬಗ್ಗೆ ಅತಿ ಆಸಕ್ತಿಯೂ ಎರಡೂ ತಪ್ಪೇ ಎಂದು ಎಚ್ಚರಿಸಿದ್ದರು. ಅವರ ದೆವ್ವಗಳು ಕತ್ತಿ ಹಿಡಿಯುವುದಿಲ್ಲ. ತಾಯಿಯ ಮಾತಿಗೆ ಮಗ ಸಿಡುಕುವಂತೆ ಮಾಡಿದರೆ ಅವುಗಳ ಆ ದಿನದ ಕೆಲಸ ಮುಗಿಯಿತು.

ಪುಸ್ತಕ ಹಿಂದಿರುಗಿಸುವಾಗ ಪಕ್ಕದ ಮನೆಯವರು ಹೇಗನಿಸಿತು ಎಂದು ಕೇಳಿದರು. ದೆವ್ವಗಳು ಚೆನ್ನಾಗಿವೆ ಎಂದೆ. ನಕ್ಕರು. ಪ್ರಾಣಾಯಾಮ ಮಾತ್ರ ಡಾಕ್ಟರು ಹೇಳಿದ್ದು, ಬಿಡಲಾಗದು ಎಂದೆ. ಪರವಾಗಿಲ್ಲ, ಮೊದಲ ದಿನದಿಂದಲೇ ನಿಮ್ಮ ಹೆಸರು ಪ್ರಾರ್ಥನೆಯ ಪಟ್ಟಿಗೆ ಸೇರಿಸಿದ್ದೇನೆ, ಉಚ್ಚಾರ ಸರಿ ಬರುವುದಿಲ್ಲ, ಯಾರೆಂದು ದೇವರಿಗೆ ತಿಳಿಯುತ್ತದೆ ಎಂದರು. ನರ್ಸಾಗಿ ರಾತ್ರಿ ಪಾಳಿ ಮಾಡಿದ ಅಷ್ಟೂ ವರ್ಷ ಡಾಕ್ಟರ ಆಜ್ಞೆ ಪಾಲಿಸಿದ್ದೇ ಬಂತು, ತಾನು ಏನಾದರೂ ಮಾಡಿದರೆ ಎಲ್ಲೋ ಏನೋ ಅಲುಗುತ್ತದೆ ಎಂದು ಮೊದಲು ಹೇಳಿದ್ದು ಈ ಪುಸ್ತಕ ಎಂದರು. ಗಂಡ ಸತ್ತು, ಮಗ ಚರ್ಚು ಬಿಟ್ಟು, ಸಭೆ ಒಡೆದ ಮೇಲೂ ಮೊಣಕಾಲೂರಲು ಆಕೆಗೊಂದು ಕಾರಣವಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ನಾನು ಓದಿದ ಯಾವ ಒಳ್ಳೆಯ ಕಾದಂಬರಿಯೂ ನನಗೆ ಇಂಥ ಒಂದು ಕೆಲಸ ವಹಿಸಿಲ್ಲ.

ಮರುವರ್ಷ ಹೋದಾಗ ಆ ಮನೆಗೆ ಬೇರೆಯವರು ಬಂದಿದ್ದರು. ಆಕೆಯನ್ನು ಮಗ ತನ್ನ ಊರಿನ ವೃದ್ಧಾಶ್ರಮಕ್ಕೆ ಸೇರಿಸಿದ್ದ. ಟೊಮೇಟೊ ಪಾತಿಯಲ್ಲಿ ಹುಲ್ಲು ಬೆಳೆದಿತ್ತು. ಹೊಸಬರು ಯೋಗದವರೇ. ಬೆಳಿಗ್ಗೆ ಅವರೂ ಚಾಪೆ ಹಾಸುತ್ತಾರೆ. ನನ್ನನ್ನು ನೋಡಿ ಕೈ ಬೀಸುತ್ತಾರೆ. ನನ್ನ ಆತ್ಮದ ಗತಿಯ ಬಗ್ಗೆ ಅವರಿಗೆ ಕಿಂಚಿತ್ತೂ ಚಿಂತೆಯಿಲ್ಲ.

ಇಷ್ಟು ಕೇಳಿದ ಮೇಲೆ ಪೆರೆಟ್ಟಿಯನ್ನು ಓದಬೇಕೆನಿಸಿದರೆ 'ಡಾರ್ಕ್‌ನೆಸ್' ಜೋಡಿಯಿಂದ ಶುರುಮಾಡಬೇಡಿ. 1999ರಲ್ಲಿ ಬಂದ 'ದಿ ವಿಸಿಟೇಷನ್' ಹುಡುಕಿ. ಅದರಲ್ಲಿ ಪಾದ್ರಿಗಿರಿಯಿಂದ ಬೇಸತ್ತು ಮನೆಯಲ್ಲಿ ಕೂತವನೊಬ್ಬನಿದ್ದಾನೆ. ಊರಿಗೆ ಪವಾಡ ಮಾಡುವ ಒಬ್ಬ ನಕಲಿ ಕ್ರಿಸ್ತ ಬಂದಿದ್ದಾನೆ. ಇಲ್ಲಿ ಲೇಖಕರು ದೆವ್ವಗಳಿಗಿಂತ ಹೆಚ್ಚು ತಮ್ಮದೇ ಚರ್ಚಿನ ಜನರ ಭ್ರಮೆಗಳನ್ನು ನೋಡುತ್ತಾರೆ, ತಮ್ಮನ್ನೂ ಬಿಡದೆ ನಗುತ್ತಾರೆ. ನನ್ನ ಮಟ್ಟಿಗೆ ಪೆರೆಟ್ಟಿಯ ಒಳ್ಳೆಯ ಪುಸ್ತಕ ಅದೇ.