ಸ್ಯಾವಿಲ್ ರೋದ ತಾರಸಿ

ಲಂಡನ್ನಿನ ಸ್ಯಾವಿಲ್ ರೋ ದರ್ಜಿಗಳ ಬೀದಿಯೆಂದೇ ಪ್ರಸಿದ್ಧವಾದುದು. ಆದರೆ ಸಂಗೀತರಸಿಕರು ಅಲ್ಲಿಗೆ ಹೋಗುವುದು 3ನೆಯ ನಂಬರಿನ ಕಟ್ಟಡದ ತಾರಸಿಯತ್ತ ಕತ್ತೆತ್ತಿ ನೋಡುವುದಕ್ಕೆ. 1969ರ ಜನವರಿ 30ರಂದು, ಕೊರೆಯುವ ಚಳಿಯಲ್ಲಿ, ಬೀಟಲ್ಸ್ ತಂಡದವರು ಅಲ್ಲಿ ಸುಮಾರು 42 ನಿಮಿಷ ಹಾಡಿದರು. ಅದೇ ಅವರ ಕೊನೆಯ ಬಹಿರಂಗ ಕಚೇರಿ.

ಆ ದೃಶ್ಯವುಳ್ಳ 'ಲೆಟ್ ಇಟ್ ಬಿ' ಚಿತ್ರ 1970ರಲ್ಲಿ ತೆರೆ ಕಂಡಿತು. 1980ರ ದಶಕದ ಆರಂಭದಲ್ಲಿ ವೀಡಿಯೊ ಟೇಪಾಗಿ ಬಂದು ಬೇಗನೆ ಅಂಗಡಿಗಳಿಂದ ಮರೆಯಾಯಿತು. ಬಳಿಕ ದಶಕಗಳ ಕಾಲ ರಸಿಕರಿಗೆ ಕಳ್ಳಪ್ರತಿಗಳೇ ಗತಿಯಾದವು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಬಣ್ಣ ಮಾಸಿತು, ದನಿ ಮಂಕಾಯಿತು. ಅದು ನ್ಯಾಯಕ್ಕೆ ಸಲ್ಲದ ವ್ಯಾಪಾರ, ನಿಜ. ಆದರೆ ಒಡೆಯನು ಮುಂಬಾಗಿಲಿಗೆ ಬೀಗವಿಕ್ಕಿದರೆ ಜನ ಹಿತ್ತಿಲ ಬಾಗಿಲನ್ನು ಹುಡುಕುವರು. ಆ ಬೀಗ ತೆಗೆದುದು 2024ರ ಮೇ ತಿಂಗಳಿನಲ್ಲಿ; ಚಿತ್ರ ಹೊಸ ಹೊಳಪಿನೊಡನೆ ಡಿಸ್ನಿ ಪ್ಲಸ್ ಮೂಲಕ ಮರಳಿ ಬಂದಿತು.