ಉಚ್ಚಂಗಿದುರ್ಗದ ಹಾದಿಯಲ್ಲಿ ಎರಡನೇ ಪೆಟ್ಟು

ತಿರುವಿನಲ್ಲಿ ಗೆಳೆಯನ ಮುಂದಿನ ಗಾಲಿ ಜಾರಿತು. ಜಾರಿತು ಅನ್ನುವಷ್ಟರಲ್ಲಿ ಆತ ನೆಲದ ಮೇಲಿದ್ದ. ಸೈಕಲ್ಲು ಬಲಮಗ್ಗುಲಿಗೆ ಬಿದ್ದು, ನಿಂತ ನೀರನ್ನು ಸೀಳುತ್ತ, ಸರ್ರನೆ ರಸ್ತೆಯ ಆ ಬದಿಗೆ ಹೋಯಿತು. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಲಾರಿಯ ಹಾರನ್ನು!

ನನ್ನ ಸೈಕಲ್ಲನ್ನು ಬದುವಿಗೆಸೆದು ಓಡಿದೆ. ಬಿದ್ದವರನ್ನು ಕೂಡಲೇ ಎಳೆದಾಡಬಾರದು ನಿಜ, ಆದರೆ ಲಾರಿ ಬರುತ್ತಿರುವಾಗ ಬೇರೆ ದಾರಿಯಿಲ್ಲ. ಎರಡೂ ಕಂಕುಳಿಗೆ ಕೈಕೊಟ್ಟು ಎಳೆದೆ. ಲಾರಿ ಪಕ್ಕದಲ್ಲೇ ನೀರೆರಚಿ ಹಾದುಹೋಯಿತು. ಮತ್ತೆ ಓಡಿ ಸೈಕಲ್ಲನ್ನೂ ಎತ್ತಿ ತಂದೆ.

ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನಿಗೆ ಗಿರಿದುರ್ಗಮಲ್ಲ ಎಂಬ ಬಿರುದು ತಂದುಕೊಟ್ಟ ಉಚ್ಚಂಗಿದುರ್ಗದ ಗುಡ್ಡ ಬೆನ್ನಿಗಿತ್ತು. ಅಲ್ಲಿಯ ದೇವಿ ಉಚ್ಚಂಗೆಮ್ಮನಿಗೆ ಕೈಮುಗಿದು ದಾವಣಗೆರೆಯ ಕಡೆ ಇಳಿದಿದ್ದೆವು. ಹಿಂಗಾರು ಮಳೆ. ರಸ್ತೆಯ ಅಂಚಿಗೆ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ತಾಡಪಾಲು ಹೊದಿಸಿದ್ದರು. ಹೊಲದಿಂದ ಹೊರಬಂದ ಟ್ರ್ಯಾಕ್ಟರಿನ ಗಾಲಿಗಳು ಡಾಂಬರಿನ ಮೇಲೆ ಬಿಟ್ಟುಹೋದ ಮಣ್ಣು ನೆಂದು ನುಣ್ಣಗಾಗಿತ್ತು. ಬೆರಳಗಲದ ಟೈರಿಗೆ ಆ ತಿರುವಿನಲ್ಲಿ ಹಿಡಿತವೇ ಸಿಗಲಿಲ್ಲ.

ಮಿಂಚು ಹೊಡೆಯಿತು. ಎಣಿಸಿದೆ: ಒಂದು, ಎರಡು, ಮೂರು... ಒಂಬತ್ತಕ್ಕೆ ಗುಡುಗು. ಶಬ್ದಕ್ಕೆ 1 ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು. ಅಂದರೆ ಸಿಡಿಲು 3 ಕಿಲೋಮೀಟರ್ ದೂರದಲ್ಲಿದೆ. ಸುತ್ತ ಬರೀ ಬಯಲು ಹೊಲ, ನಡುವೆ ಒಂಟಿ ಬೇವಿನ ಮರ. ಅದರಡಿ ನಿಲ್ಲುವುದು ಸಾವನ್ನು ಕರೆದಂತೆ.

ಹೆಂಡತಿ, ಮಗುವನ್ನು ಕೂರಿಸಿಕೊಂಡು ಬೈಕಿನಲ್ಲಿ ಬಂದ ರೈತರೊಬ್ಬರು ನಿಲ್ಲಿಸಿದರು. "ಪೆಟ್ಟಾತೇನು ತಮ್ಮಾ? ಸಿಡ್ಲು ಹೊಡಿಯಾಕತ್ತೈತಿ, ಇಲ್ಲಿ ನಿಂದ್ರಬ್ಯಾಡ್ರಿ. ಆ ಏರು ಹತ್ತಿದ್ರ ಊರು ಬಂತು, ಸಾಲಿ ಐತಿ, ಅಲ್ಲಿ ಸೇರಿಕೊಳ್ರಿ."

ಗೆಳೆಯ ಆಗಲೇ ಎದ್ದು ಸೈಕಲ್ಲಿಗೆ ಕೈಹಾಕಿದ್ದ. "ಏನೂ ಆಗಿಲ್ಲಲೇ, ನಡಿ ಹೋಗಾಣ!"

"ಕುಂದ್ರು ಮೊದ್ಲು!" ಎಂದು ಗದರಿದೆ.

ಪೆಟ್ಟಾದ ಬಿಸಿಯಲ್ಲಿ ಮೈ ನೋವನ್ನು ಮುಚ್ಚಿಡುತ್ತದೆ. ಹೆಸರು ಕೇಳಿದೆ, ಎಲ್ಲಿದ್ದೇವೆಂದು ಕೇಳಿದೆ, ಹೇಗೆ ಬಿದ್ದೆ ಎಂದೂ ಕೇಳಿದೆ. ಉತ್ತರಗಳಲ್ಲಿ ತೊದಲಿಲ್ಲ. ಕುತ್ತಿಗೆ ನೋವಿಲ್ಲ, ವಾಂತಿ ಬರುವ ಹಾಗಿಲ್ಲ. ಕೊರಳ ಕೆಳಗಿನ ಎಲುಬಿನ ಉದ್ದಕ್ಕೂ ಬೆರಳಾಡಿಸಿದೆ. ಸೈಕಲ್ ಸವಾರರು ಬಿದ್ದಾಗ ಹೆಚ್ಚಾಗಿ ಮುರಿಯುವ ಎಲುಬುಗಳಲ್ಲಿ ಅದೂ ಒಂದು. ಕೂಗಲಿಲ್ಲ. ಹೆಲ್ಮೆಟ್ಟು ಬಿಚ್ಚಿಸಿ ಒಳಗಿನ ಥರ್ಮಾಕೋಲನ್ನು ನೋಡಿದೆ. ಒಮ್ಮೆ ಅದುಮಿದರೆ ಅದು ಮತ್ತೆ ಉಬ್ಬುವುದಿಲ್ಲ, ಇನ್ನೊಂದು ಪೆಟ್ಟನ್ನು ತಡೆಯುವುದಿಲ್ಲ. ಬಿರುಕಿಲ್ಲ, ಗೀರೂ ಇಲ್ಲ. ತಲೆ ನೆಲಕ್ಕೆ ತಾಗಿಲ್ಲ.

ಮಿಂಚು. ಈ ಸಲ ಎಂಟಕ್ಕೇ ಗುಡುಗು.

ಈಗ ಸೈಕಲ್ಲು. ಮಳೆಯಲ್ಲಿ ಬಿದ್ದದ್ದು ಕಣ್ಣಿಗೆ ಮೋಸ ಮಾಡುತ್ತದೆ. ಒದ್ದೆ ರಸ್ತೆಯಲ್ಲಿ ಉಜ್ಜಾಟ ಕಡಿಮೆ, ಮೈಯೂ ಅಷ್ಟಾಗಿ ತರಚುವುದಿಲ್ಲ, ಬಣ್ಣವೂ ಅಷ್ಟಾಗಿ ಕಿತ್ತುಬರುವುದಿಲ್ಲ. ನೆಲಕ್ಕೆ ಮೊದಲು ಬಡಿದ ಭಾಗ ಮಾತ್ರ ಪೂರಾ ಪೆಟ್ಟು ತಿಂದು ಸುಮ್ಮನಿರುತ್ತದೆ. 2017ರ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ಮೊದಲ ದಿನ ಜರ್ಮನಿಯ ಡ್ಯುಸೆಲ್‌ಡಾರ್ಫಿನಲ್ಲಿ ಇಂಥದೇ ಮಳೆ. ಸ್ಪೇನಿನ ಅಲೆಹಾಂದ್ರೋ ವಾಲ್ವರ್ದೆ ತಿರುವಿನಲ್ಲಿ ಜಾರಿ ಮಂಡಿಚಿಪ್ಪು ಒಡೆದುಕೊಂಡು ಪಂದ್ಯದಿಂದಲೇ ಹೊರಬಿದ್ದ. 2020ರಲ್ಲಿ ಇದೇ ಪಂದ್ಯದ ಮೊದಲ ದಿನವೇ ಫ್ರಾನ್ಸಿನ ನೀಸ್ ನಗರದ ಮಳೆಯಲ್ಲಿ ಸವಾರರು ಸಾಲುಸಾಲಾಗಿ ಉರುಳಿದರು. ಅವರ ಹಿಂದೆ ತಂಡದ ಕಾರು ಇರುತ್ತದೆ, ಕಾರಿನ ಮೇಲೆ ಇನ್ನೊಂದು ಸೈಕಲ್ಲು ಸಿದ್ಧವಿರುತ್ತದೆ. ಹರಪನಹಳ್ಳಿ ತಾಲೂಕಿನ ಈ ಹೊಲದ ಹಾದಿಯಲ್ಲಿ ನಮಗಿದ್ದದ್ದು ಒಂದು ಅಲೆನ್ ಕೀ ಗೊಂಚಲು ಮತ್ತು ಕೈಪಂಪು.

ಮುಂದಿನ ಗಾಲಿ ಎತ್ತಿ ತಿರುಗಿಸಿದೆ. ಬಳುಕಲಿಲ್ಲ, ಬ್ರೇಕಿಗೆ ಉಜ್ಜಲಿಲ್ಲ. ಕಡ್ಡಿಗಳನ್ನು ಒಂದೊಂದಾಗಿ ಮೀಟಿದೆ, ಸಡಿಲಾದ ದನಿ ಇಲ್ಲ. ಟೈರಿನ ಮಗ್ಗುಲಲ್ಲಿ ಮಾತ್ರ ಕಡಲೆಕಾಳಿನಷ್ಟು ಗುಳ್ಳೆ! ಕಲ್ಲು ಟೈರನ್ನು ಸೀಳಿದೆ, ಒಳಗಿನ ಟ್ಯೂಬು ಹೊರಗಿಣುಕುತ್ತಿದೆ. ಇಳಿಜಾರಿನಲ್ಲಿ ಇದು ಸಿಡಿದರೆ? ಗಾಳಿ ಬಿಟ್ಟು, ಟೈರಿನ ಒಂದು ಅಂಚನ್ನು ರಿಮ್ಮಿನಿಂದ ಬಿಡಿಸಿ, ಹತ್ತು ರೂಪಾಯಿಯ ನೋಟನ್ನು ಮಡಿಚಿ ಸೀಳಿದ ಜಾಗಕ್ಕೆ ಒಳಗಿನಿಂದ ಒತ್ತುಕೊಟ್ಟು, ಮತ್ತೆ ಗಾಳಿ ತುಂಬಿದೆ. ಪಂಪು ಒತ್ತುತ್ತ ಒತ್ತುತ್ತ ಕೈ ನಡುಗಿತು. ಗುಳ್ಳೆ ಏಳಲಿಲ್ಲ.

ಹ್ಯಾಂಡಲ್ ಗಾಲಿಗೆ ಅಡ್ಡಲಾಗಿ ತಿರುಚಿತ್ತು. ಅದರ ಬೋಲ್ಟು ಸಡಿಲಿಸಿ, ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ನೇರ ಮಾಡಿ ಬಿಗಿದೆ. ಬಲಗಡೆಯ ಬ್ರೇಕ್ ಹಿಡಿಕೆ ಒಳಕ್ಕೆ ವಾಲಿತ್ತು, ಅದನ್ನೂ ಕೈಯಿಂದಲೇ ತಳ್ಳಿ ಸರಿಮಾಡಿದೆ. ಬ್ರೇಕಿನ ರಬ್ಬರಿಗೆ ಮೆತ್ತಿದ್ದ ಮರಳನ್ನು ಬಾಟಲಿಯ ನೀರಿನಿಂದ ತೊಳೆದೆ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಜೋರಾಗಿ ಮುಂದಕ್ಕೆ ನೂಕಿದೆ. ಹಿಂದಿನ ಗಾಲಿ ನೆಲಬಿಟ್ಟು ಎದ್ದಿತು. ಬ್ರೇಕು ಹಿಡಿಯುತ್ತಿದೆ. ಫ್ರೇಮಿನ ಕೊಳವೆಗಳ ಮೇಲೆ ಬೆರಳಾಡಿಸಿದೆ. ಎಲ್ಲೂ ತಗ್ಗಿಲ್ಲ, ಉಗುರು ಸಿಕ್ಕಿಕೊಳ್ಳುವ ಬಿರುಕಿಲ್ಲ.

ಮಿಂಚು. ಆರಕ್ಕೇ ಗುಡುಗು! ಎರಡೇ ಕಿಲೋಮೀಟರ್.

"ಆತಲ್ಲ, ಇನ್ನೇನೈತಿ? ಹತ್ತು!" ಗೆಳೆಯ ಕಾಲು ಎತ್ತಿ ಹಾಕಿಯೇಬಿಟ್ಟ. ಮುಂದೆ ಕಡಿದಾದ ಏರು, ಅವನ ಬೆರಳು ಗೇರಿನ ಮೇಲೆ.

ಆಗ ಹಿಂದಿನಿಂದ ನೋಡಿದೆ. ಎದೆ ಝಲ್ಲೆಂದಿತು. ಚೈನು ಹಾಯುವ ಎರಡು ಪುಟ್ಟ ಗಾಲಿಗಳು ಒಂದರ ಕೆಳಗೊಂದು ನೆಟ್ಟಗೆ ತೂಗಬೇಕು. ಕೆಳಗಿನದು ಕಡ್ಡಿಗಳ ಕಡೆ ವಾಲಿತ್ತು. ಹ್ಯಾಂಗರ್ ಬಗ್ಗಿದೆ!

"ಗೇರ್ ಮುಟ್ಟಬ್ಯಾಡಲೇ! ಇಳಿ ಕೆಳಗ!"

ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಜೋಡಿಸುವ ಬೆರಳುದ್ದದ ಅಲ್ಯೂಮಿನಿಯಂ ತುಂಡೇ ಈ ಹ್ಯಾಂಗರ್. ಫ್ರೇಮು ಉಳಿಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಬಲಮಗ್ಗುಲಿಗೆ ಬಿದ್ದರೆ ಅದು ಒಳಕ್ಕೆ ಬಾಗಬಹುದು. ಸಪಾಟು ರಸ್ತೆಯಲ್ಲಿ ಅದು ತಿಳಿಯದೇ ಹೋಗಬಹುದು. ಏರಿನಲ್ಲಿ ಹಗುರ ಗೇರಿಗೆ, ಅಂದರೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದೊಡನೆ ಡಿರೇಲರ್ ಕಡ್ಡಿಗಳೊಳಗೆ ನುಗ್ಗಬಹುದು. ನುಗ್ಗಿದರೆ ಕಡ್ಡಿಗಳು ಮುರಿಯುತ್ತವೆ, ಗಾಲಿ ಕಚ್ಚಿಕೊಳ್ಳುತ್ತದೆ, ಸವಾರ ರಸ್ತೆಯ ನಡುವೆ ಉರುಳುತ್ತಾನೆ. ಆ ಎರಡನೇ ಪೆಟ್ಟು ನಮಗಾಗಿ ಏರಿನಲ್ಲಿ ಕಾದಿತ್ತು.

ಡಿರೇಲರಿನ ಮೇಲೆ ಎರಡು ಸಣ್ಣ ಸ್ಕ್ರೂ ಇರುತ್ತವೆ. ಎಲ್ ಗುರುತಿನದನ್ನು ಬಲಕ್ಕೆ ತಿರುಗಿಸಿದಷ್ಟೂ ಅದು ಕಡ್ಡಿಗಳ ಕಡೆ ಸರಿಯುವುದಕ್ಕೆ ತಡೆ ಬೀಳುತ್ತದೆ. ಕಣ್ಣಿಗಿಳಿಯುವ ನೀರನ್ನು ಒರೆಸಿಕೊಳ್ಳುತ್ತ ತಿರುಗಿಸಿದೆ. ಹಿಂದಿನ ಗಾಲಿ ಎತ್ತಿ, ಕೈಯಿಂದ ಪೆಡಲು ಸುತ್ತಿ, ಮೆಲ್ಲಗೆ ಒಂದೊಂದೇ ಗೇರು ಹಾಕಿ ನೋಡಿದೆ. ದೊಡ್ಡ ಹಲ್ಲುಚಕ್ರ ತಲುಪದೆ ಚೈನು ನಿಂತಿತು. ನಡುವಿನ ಗೇರಿಗೆ ತಂದಿಟ್ಟೆ. "ಇದರಾಗೇ ಎದ್ದು ನಿಂತು ತುಳಿ. ಬದಲಾಯಿಸಬ್ಯಾಡ."

ಹೊರಟೆವು. ಮೊದಲು ರಸ್ತೆಯಂಚಿನಲ್ಲಿ ಮೆಲ್ಲಗೆ, ಎರಡೂ ಬ್ರೇಕು ಹಿಡಿದು ಬಿಟ್ಟು ನೋಡುತ್ತ. ಕಟಕಟ ಇಲ್ಲ. ಆಮೇಲೆ ಏರು. ಎದುರುಗಾಳಿ, ಮಳೆಯ ಹನಿಗಳು ಮುಖಕ್ಕೆ ಚುಚ್ಚುತ್ತಿವೆ, ತೊಡೆ ಉರಿಯುತ್ತಿದೆ. ಮಿಂಚಿಗೂ ಗುಡುಗಿಗೂ ನಡುವೆ ಈಗ ಮೂರೇ ಎಣಿಕೆ. ತುಳಿ, ತುಳಿ! ಏರು ಮುಗಿಯಿತು. ಶಾಲೆಯ ಜಗಲಿಗೆ ಸೈಕಲ್ ಸಮೇತ ನುಗ್ಗಿದೆವು. ಹಿಂದೆಯೇ ಬಯಲಿನಲ್ಲಿ ಸಿಡಿಲು ಬಡಿದು ಕಿವಿ ಗವ್ವೆಂದಿತು.

ಸವಾರಿ ಅಲ್ಲಿಗೇ ಮುಗಿಸಿದೆವು. ಸೈಕಲ್ಲುಗಳು ಟಾಟಾ ಏಸಿನಲ್ಲಿ ದಾವಣಗೆರೆಗೆ ಹೋದವು, ಗೆಳೆಯ ವೈದ್ಯರ ಬಳಿಗೆ ಹೋದ. ನೋಟು ಒತ್ತಿದ ಟೈರು, ಬಾಗಿದ ಹ್ಯಾಂಗರ್ ಊರು ಮುಟ್ಟಿಸುವುದಕ್ಕೆ ಸಾಕು, ಮರುದಿನದ ಸವಾರಿಗಲ್ಲ. ಎರಡನ್ನೂ ಬದಲಿಸಲೇಬೇಕು.

ಮಳೆಯಲ್ಲಿ ಸೈಕಲ್ ತುಳಿಯುವ ಪ್ರತಿಯೊಬ್ಬರಲ್ಲೂ ಒಂದು ವಿನಂತಿ. ಬಿದ್ದರೆ ಮೊದಲು ರಸ್ತೆ ಬಿಡಿ. ಆಮೇಲೆ ಮೈ, ತಲೆ, ಹೆಲ್ಮೆಟ್ಟು ನೋಡಿ. ಗಾಲಿ, ಟೈರು, ಹ್ಯಾಂಡಲ್, ಬ್ರೇಕು, ಫ್ರೇಮು, ಇದೇ ಸಾಲಿನಲ್ಲಿ ಮುಟ್ಟಿ ನೋಡಿ. ಕಟ್ಟಕಡೆಗೆ ಹಿಂದೆ ಬಂದು ಕೂತು ಡಿರೇಲರ್ ನೆಟ್ಟಗಿದೆಯೇ ಗಮನಿಸಿ. ತಲೆಗೆ ಪೆಟ್ಟಾಗಿದ್ದರೆ ಮತ್ತೆ ಹತ್ತಲೇಬೇಡಿ, ವೈದ್ಯರ ಬಳಿಗೆ ಹೋಗಿ. ಬ್ರೇಕು ಹಿಡಿಯದಿದ್ದರೆ, ಫ್ರೇಮು ಬಿರಿದಿದ್ದರೆ ಸೈಕಲ್ಲನ್ನು ಕೈಯಲ್ಲಿ ತಳ್ಳಿಕೊಂಡು ನಡೆಯಿರಿ. ಮೊದಲ ಪೆಟ್ಟು ನಮ್ಮ ಕೈಯಲ್ಲಿರುವುದಿಲ್ಲ. ಎರಡನೆಯದನ್ನು ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.