ಶೇಷಶಾಯಿ

2,14,74,83,647. ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಿ, ಅವಸರವೇನಿಲ್ಲ: ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಯಾವುದೋ ಆಸ್ತಿಯ ಮೊತ್ತವೆಂದುಕೊಂಡರೂ, ಇದನ್ನು ಅಣ್ಣತಮ್ಮಂದಿರು ರೂಪಾಯಿ ಮುರಿಯದೆ ಸಮಪಾಲು ಮಾಡಿಕೊಳ್ಳಲಾರರು. ಒಬ್ಬನೇ ಇಡಿಯಾಗಿ ನುಂಗಬೇಕು, ಇಲ್ಲವೇ ತಲೆಗೊಂದು ರೂಪಾಯಿಯಂತೆ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ ಜನ ಸಾಲುಗಟ್ಟಬೇಕು. ನಡುವಿನ ರಾಜಿ ಇಲ್ಲ. ಅವಿಭಾಜ್ಯನ ಹಟವೇ ಅಂಥದು. ಬೇರೆ ಯಾರು ಭಾಗಿಸಲು ಬಂದರೂ ಕೆಳಗೆ ಶೇಷ ಉಳಿದೇ ಉಳಿಯುತ್ತದೆ. ಅದರ ಮೇಲೆ ಈತ ಹಾಯಾಗಿ ಪವಡಿಸಿರುತ್ತಾನೆ, ಶೇಷಶಾಯಿ!

ಹುಟ್ಟು ಮಾತ್ರ ತೀರಾ ಸರಳ. ಮೂವತ್ತೊಂದು ಎರಡುಗಳನ್ನು ಸಾಲಾಗಿ ಬರೆದು ಗುಣಿಸಿ, ಒಂದನ್ನು ಕಳೆದರೆ ಈತ ಎದ್ದು ಕೂರುತ್ತಾನೆ. ಸೊನ್ನೆ-ಒಂದರ ಕಂಪ್ಯೂಟರ್ ಲಿಪಿಯಲ್ಲಂತೂ ಬರೀ ಒಂದುಗಳು, ಮೂವತ್ತೊಂದು. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲಿ ಇಂಥವರ ಪಟ್ಟಿ ಕೊಟ್ಟಾಗ ಈತನನ್ನೂ ಸೇರಿಸಿದ್ದ. ಆ ಪಟ್ಟಿಯಲ್ಲಿ ತಪ್ಪುಗಳೂ ನುಸುಳಿದ್ದವು. ಈತ ಅವಿಭಾಜ್ಯನೇ ಎಂದು ಸಾಧಿಸಿ ತೋರಿಸಿದವನು ಗಣಿತಜ್ಞ ಆಯ್ಲರ್; 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೆ. ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿದ್ದೂ ಹದಿಮೂರರ ಮಗ್ಗಿಗೆ ಬೆವರುವ ನಾನು ಇದನ್ನು ನೆನೆದು ಸುಮ್ಮನಾಗುತ್ತೇನೆ.

ಈತನ ವರ್ಗಮೂಲದವರೆಗಿನ, ಎಂದರೆ 46,340ರವರೆಗಿನ ಅವಿಭಾಜ್ಯಗಳನ್ನೆಲ್ಲ ಒಂದೊಂದಾಗಿ ಒಡ್ಡುತ್ತ ಕೂರದೆ ಆಯ್ಲರ್ ಒಂದು ಜರಡಿ ಹಿಡಿದ. ಈತನನ್ನು ಭಾಗಿಸಬಯಸುವ ಅವಿಭಾಜ್ಯ ಸಂಖ್ಯೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಕೊಡಲೇಬೇಕು. ಅಲ್ಲಿಗೆ 3, 7, 11ರಂಥ ಚಿಳ್ಳೆಪಿಳ್ಳೆಗಳು ಬಾಗಿಲಲ್ಲೇ ಹಿಂದಿರುಗಿದವು. ಒಳಗೆ ಬಂದ ಮೊದಲ ಉಮೇದುವಾರ 311. ಕಾಫಿ ಆರುವುದನ್ನೂ ಲೆಕ್ಕಿಸದೆ ಭಾಗಿಸಿದೆ: ಭಾಗಲಬ್ಧ 69,05,092, ಉಳಿದದ್ದು 35. ಶೇಷ ಕಂಡು ಇಷ್ಟು ಖುಷಿಪಡುವುದನ್ನು ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ.

ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಒಂದು ಭವಿಷ್ಯ ನುಡಿದ. ತನಗಿಂತ ಚಿಕ್ಕ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಆಗುವ ಸಂಖ್ಯೆ ಪರಿಪೂರ್ಣ. ನಮ್ಮ ಶೇಷಶಾಯಿಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಇನ್ನಾರೂ ಹುಡುಕಲಾರರು ಎಂದ. ಕಾರಣ? ಇವು ಕುತೂಹಲಕ್ಕಷ್ಟೇ, ಉಪಯೋಗಕ್ಕಲ್ಲ! ಪಾಪ, ನಿರುಪಯೋಗದ ರುಚಿ ಹತ್ತಿದ ಮನುಷ್ಯ ಎಲ್ಲಿಯವರೆಗೆ ಹೋಗಬಲ್ಲನೆಂದು ಅವನಿಗೆ ಅಂದಾಜಿರಲಿಲ್ಲ. 2024ರಲ್ಲಿ ಸಿಕ್ಕಿದ ಇದೇ ವಂಶದ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ.

ಇನ್ನು ಉಪಯೋಗ ತಾನಾಗಿ ಬಂದಾಗ ತಲೆನೋವನ್ನೂ ಜೊತೆಗೆ ತಂದಿತು. ಹಳೆಯ ಬಗೆಯ ಅನೇಕ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಬಂದಿವೆ. ಅವುಗಳ ಎಣಿಕೆ ಈತನವರೆಗೆ ಮಾತ್ರ. 2038ರ ಜನವರಿ 19ರಂದು, ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ಮುಗಿಯುತ್ತದೆ. ಆ ಚಿಂತೆ ಎಂಜಿನಿಯರುಗಳಿಗಿರಲಿ. ಆಯ್ಲರನ ಜರಡಿಯಿಂದ ಬರುವ ಮುಂದಿನ ಉಮೇದುವಾರ 1303. ನಾನದನ್ನು ಮುಟ್ಟಿಲ್ಲ, ನಿಮಗೆಂದೇ ಬಿಟ್ಟಿದ್ದೇನೆ. ಬಿಡುವಿದ್ದಾಗ ಕಾಗದ ಪೆನ್ನು ಹಿಡಿದು ಭಾಗಿಸಿ ನೋಡಿ; ಯಾಕೆಂದು ಮಾತ್ರ ಕೇಳಬೇಡಿ.